ಸತ್ತವರ ಲೆಕ್ಕ, ಕಾನೂನಿನ ಲೆಕ್ಕ

2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನಗಳಲ್ಲಿ ಒಂದು ದಿನ ಸಾಗರದ ಕಡೆ ಮದುವೆಯೊಂದಕ್ಕೆ ಹೋಗಿದ್ದೆ. ಹೋಳಿಗೆ ಬಡಿಸುವವರು ಬಂದು ನಿಂತರೂ ಪಂಕ್ತಿಯಲ್ಲಿ ಯಾರ ಕಣ್ಣೂ ಎಲೆಯ ಮೇಲಿಲ್ಲ. ಎಲ್ಲರ ಎಡಗೈಯಲ್ಲೂ ಮೊಬೈಲು, ಮೊಬೈಲಿನ ತುಂಬ ಡ್ರೋನು. ಪಕ್ಕದಲ್ಲಿ ಕೂತಿದ್ದ ಸೋದರಮಾವ ತುಪ್ಪ ಹಾಕಿಸಿಕೊಳ್ಳುತ್ತಾ, "ನೀನು ಕಾಲೇಜಲ್ಲಿ ಯುದ್ಧದ ಕಾನೂನು ಪಾಠ ಮಾಡ್ತೀಯಂತಲ್ಲ, ಲಡಾಯಿಗೆ ಎಂಥ ಕಾನೂನು ಮಾರಾಯ?" ಎಂದರು. ಊಟ ಮುಗಿಯುವಷ್ಟರಲ್ಲಿ ಇನ್ನೂ ಏಳೆಂಟು ಮಾತು ಸೇರಿಸಿದರು.

ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ತರಗತಿಯಲ್ಲಿ, ಬಸ್ಸಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇವನ್ನೇ ಕೇಳುತ್ತಾ ಬಂದಿದ್ದೇನೆ. ಹೀಗೆ ಕೇಳುತ್ತಾ ನನಗೆ ಹೊಳೆದದ್ದು ಇಷ್ಟು: ಈ ಒಂದೊಂದು ತಪ್ಪು ಕಲ್ಪನೆಯಿಂದಲೂ ಯಾರಿಗೋ ಒಬ್ಬರಿಗೆ ಅನುಕೂಲವಿದೆ. ಯಾರಿಗೆ ಎಂದು ಹುಡುಕುತ್ತಾ ಹೋದರೆ ಕಾನೂನು ಅರ್ಧ ಅರ್ಥವಾದ ಹಾಗೆ.

ತಪ್ಪು ಕಲ್ಪನೆ: ಯುದ್ಧ ಘೋಷಣೆಯೇ ಆಗಿಲ್ಲ, ಹಾಗಾಗಿ ಯುದ್ಧದ ಕಾನೂನೂ ಇಲ್ಲ.

ವಾಸ್ತವ: 1949ರ ನಾಲ್ಕು ಜಿನೀವಾ ಒಪ್ಪಂದಗಳಿಗೂ ಎರಡನೇ ವಿಧಿ ಒಂದೇ. ಎರಡು ದೇಶಗಳ ನಡುವೆ ಸಶಸ್ತ್ರ ಸಂಘರ್ಷ ನಡೆದರೆ ಸಾಕು; ಇದು ಯುದ್ಧ ಎಂದು ಒಂದು ಪಕ್ಷ ಒಪ್ಪದಿದ್ದರೂ ಒಪ್ಪಂದ ಜಾರಿಯಲ್ಲಿರುತ್ತದೆ. ಬರೆದವರಿಗೆ ಸರ್ಕಾರಗಳ ಜಾಣತನ ಚೆನ್ನಾಗಿ ಗೊತ್ತಿತ್ತು. 2022ರ ಫೆಬ್ರವರಿ 24ರಂದು ಉಕ್ರೇನಿನೊಳಗೆ ನುಗ್ಗಿದ ರಷ್ಯಾ ಅದನ್ನು 'ವಿಶೇಷ ಸೇನಾ ಕಾರ್ಯಾಚರಣೆ' ಎಂದು ಕರೆಯಿತು. ಕರೆದುಕೊಳ್ಳಲಿ, ಸೆರೆ ಸಿಕ್ಕ ಉಕ್ರೇನಿನ ಸೈನಿಕ ಯುದ್ಧಕೈದಿಯೇ. ಕಾರ್ಗಿಲ್ ಕೂಡ ಘೋಷಣೆಯಾದ ಯುದ್ಧವಲ್ಲ. 1999ರ ಮೇ 27ರಂದು ಮಿಗ್-27 ವಿಮಾನದಿಂದ ಹೊರಜಿಗಿದು ಪಾಕಿಸ್ತಾನದ ಕೈಗೆ ಸಿಕ್ಕ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಒಂದು ವಾರದ ಮೇಲೆ ರೆಡ್ ಕ್ರಾಸ್ ಮೂಲಕ ಹಿಂದಿರುಗಿದರು.

ದೇಶದ ಒಳಗಿನ ಕಾಳಗಕ್ಕೆ ಮೂರನೇ ವಿಧಿ ಇದೆ. ಶರಣಾದವನನ್ನು ಕೊಲ್ಲಬಾರದು, ಹಿಂಸಿಸಬಾರದು, ಒತ್ತೆಯಿಡಬಾರದು, ಗಾಯಾಳುವನ್ನು ಆರೈಕೆ ಮಾಡಬೇಕು. ಇದು ಸರ್ಕಾರವನ್ನೂ ಕಟ್ಟುತ್ತದೆ, ಬಂಡುಕೋರರನ್ನೂ ಕಟ್ಟುತ್ತದೆ. ಆದರೆ ಯಾವ ಸರ್ಕಾರಕ್ಕೂ ತನ್ನ ನೆಲದಲ್ಲಿ 'ಸಶಸ್ತ್ರ ಸಂಘರ್ಷ' ನಡೆಯುತ್ತಿದೆ ಎಂದು ಒಪ್ಪಿಕೊಳ್ಳಲು ನಾಲಗೆ ಹೊರಳುವುದಿಲ್ಲ. 'ಕಾನೂನು ಸುವ್ಯವಸ್ಥೆಯ ಸಮಸ್ಯೆ' ಎಂದುಬಿಟ್ಟರೆ ಕೇಳುವವರಿಲ್ಲವಲ್ಲ.

ತಪ್ಪು ಕಲ್ಪನೆ: ಶುರು ಮಾಡಿದವರು ಅವರು, ನಿಯಮ ಮುರಿದವರೂ ಅವರು. ಇನ್ನು ನಮಗೆ ಕಟ್ಟುಪಾಡಿಲ್ಲ.

ವಾಸ್ತವ: ಯುದ್ಧಕ್ಕೆ ಇಳಿದದ್ದು ಸರಿಯೇ ಎಂಬುದು ಒಂದು ಪ್ರಶ್ನೆ, ಅದಕ್ಕೆ ವಿಶ್ವಸಂಸ್ಥೆಯ ಸನ್ನದು ಉತ್ತರಿಸುತ್ತದೆ. ಇಳಿದ ಮೇಲೆ ಹೇಗೆ ಹೋರಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಅದು ಜಿನೀವಾ ಒಪ್ಪಂದಗಳ ಪಾಲು. ಎರಡನ್ನೂ ಬೆರೆಸಬಾರದು ಎಂಬುದಕ್ಕೆ ಕಾರಣ ಸರಳ. ತನ್ನದು ಆಕ್ರಮಣ ಎಂದು ಹೇಳಿಕೊಂಡು ಯುದ್ಧಕ್ಕೆ ಹೊರಟ ದೇಶವಿಲ್ಲ, ಎಲ್ಲರದೂ ಆತ್ಮರಕ್ಷಣೆಯೇ. ನ್ಯಾಯ ನಮ್ಮ ಕಡೆ ಇದ್ದರೆ ನಿಯಮ ಬೇಡ ಎನ್ನುವುದಾದರೆ ನಿಯಮ ಪಾಲಿಸುವವರೇ ಉಳಿಯುವುದಿಲ್ಲ.

ಕೊಡಗಿನವರಿಗೆ ಬಾಯಿಪಾಠವಾಗಿರುವ ಕತೆಯೊಂದಿದೆ. 1965ರ ಯುದ್ಧದ ಕೊನೆಯ ಹೊತ್ತಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ನಂದಾ ಕಾರ್ಯಪ್ಪ, ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಮಾತು ಬಂದಾಗ ಮಡಿಕೇರಿಯ ಆ ಮುದುಕರು, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಕೊಡುವುದಿದ್ದರೆ ಎಲ್ಲರಿಗೂ ಕೊಡಲಿ ಎಂದರಂತೆ. ದೇಶಪ್ರೇಮದ ಕತೆಯೆಂದು ಇದನ್ನು ಹೇಳುತ್ತೇವೆ. ನನಗೆ ಇದು ಮೂರನೇ ಜಿನೀವಾ ಒಪ್ಪಂದದ 16ನೇ ವಿಧಿಯ ಅಚ್ಚುಕಟ್ಟಾದ ವ್ಯಾಖ್ಯಾನದಂತೆಯೂ ಕೇಳಿಸುತ್ತದೆ. ಕೈದಿಗಳಲ್ಲಿ ಭೇದ ಮಾಡಬಾರದು ಎನ್ನುವ ವಿಧಿ ಅದು.

ಅದೇ ಒಪ್ಪಂದದ 13ನೇ ವಿಧಿಯ ಪ್ರಕಾರ ಕೈದಿಯನ್ನು ಸಾರ್ವಜನಿಕ ಕುತೂಹಲದ ವಸ್ತು ಮಾಡಬಾರದು. 2019ರ ಫೆಬ್ರವರಿಯಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ಅವರ ಗಾಯಗೊಂಡ ಮುಖದ ವಿಡಿಯೊ ಹರಿದಾಡಿದಾಗ ಭಾರತ ಪ್ರತಿಭಟಿಸಿದ್ದು ಇದನ್ನೇ ಎತ್ತಿ. ಮೂರು ವರ್ಷದ ಮೇಲೆ ಉಕ್ರೇನಿನ ಅಧಿಕಾರಿಗಳು ಸೆರೆಯಾದ ರಷ್ಯನ್ ಹುಡುಗರು ಅಳುವ ವಿಡಿಯೊ ಹಾಕಿದರು. ನಮ್ಮ ಗುಂಪುಗಳಲ್ಲಿ ಅದನ್ನು ಫಾರ್ವರ್ಡ್ ಮಾಡುವಾಗ ಯಾರಿಗೂ ಆ ವಿಧಿ ನೆನಪಾಗಲಿಲ್ಲ.

ತಪ್ಪು ಕಲ್ಪನೆ: 'ಪ್ರಮಾಣ ಮೀರಬಾರದು' ಅಂದರೆ ಎರಡೂ ಕಡೆ ಸತ್ತವರ ಸಂಖ್ಯೆ ಹೆಚ್ಚುಕಡಿಮೆ ಸಮ ಇರಬೇಕು.

ವಾಸ್ತವ: ಟೀವಿ ಚರ್ಚೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಇದು, ಅತಿ ಹೆಚ್ಚು ಕೆಡುವುದೂ ಇದೇ. ಒಂದು ಕಡೆ ಇಷ್ಟು ಹೆಣ, ಇನ್ನೊಂದು ಕಡೆ ಅಷ್ಟು ಹೆಣ ಎಂದು ತಕ್ಕಡಿಗೆ ಹಾಕುವ ಕೆಲಸ ಈ ಕಾನೂನಿನದಲ್ಲ. 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 51ನೇ ವಿಧಿಯ ತಕ್ಕಡಿಯಲ್ಲಿ ಬೇರೆ ಎರಡು ವಸ್ತುಗಳಿವೆ. ಒಂದು ತಟ್ಟೆಯಲ್ಲಿ, ಈ ಒಂದು ದಾಳಿಯಿಂದ ಸಿಗಬಹುದಾದ ನೇರವಾದ, ಕಣ್ಣಿಗೆ ಕಾಣುವ ಸೈನಿಕ ಲಾಭ. ಇನ್ನೊಂದರಲ್ಲಿ, ಆ ದಾಳಿಯಿಂದ ನಾಗರಿಕರಿಗೆ ಆಗಬಹುದಾದ ಸಾವು, ಗಾಯ, ಹಾನಿ. ಎರಡನೆಯದು ಮೊದಲನೆಯದಕ್ಕೆ ಹೋಲಿಸಿದರೆ ಅತಿಯಾಗುವಂತಿದ್ದರೆ ದಾಳಿ ಮಾಡಕೂಡದು. ಸೇನೆಯ ತುಕಡಿಗಳು ದಾಟುತ್ತಿರುವ ಸೇತುವೆಯನ್ನು ಉರುಳಿಸುವಾಗ ಅದರ ಮೇಲೆ ಒಬ್ಬ ಹಾಲಿನವನಿದ್ದ ಎಂದ ಮಾತ್ರಕ್ಕೆ ದಾಳಿ ಅಪರಾಧವಾಗದು. ಮಾಳಿಗೆಯ ಮೇಲಿನ ಒಬ್ಬ ಬಂದೂಕುಧಾರಿಗಾಗಿ, ಮನೆಮನೆಯಲ್ಲೂ ಸಂಸಾರಗಳಿರುವ ಐದು ಅಂತಸ್ತಿನ ಕಟ್ಟಡ ಕೆಡವಿದರೆ ಅಪರಾಧವಾಗಬಹುದು, ಆ ಹೊತ್ತಿಗೆ ಅದೃಷ್ಟಕ್ಕೆ ಎಲ್ಲರೂ ಹೊರಗೆ ಹೋಗಿದ್ದರೂ. ಕಾನೂನು ನೋಡುವುದು ದಾಳಿಗೆ ಮುಂಚಿನ ಅಂದಾಜನ್ನು.

ಎಡವಟ್ಟು ಇರುವುದೂ ಇಲ್ಲಿಯೇ. ಸೈನಿಕ ಲಾಭವನ್ನು ಅಳೆಯಲು ಸೇರಿಲ್ಲ, ಮಗುವಿನ ಜೀವ ಅಳೆಯಲು ಪಾವಿಲ್ಲ. ಹಿಂದಿನ ಯುಗೊಸ್ಲಾವಿಯಾದ ನ್ಯಾಯಮಂಡಳಿ 2003ರಲ್ಲಿ ಗಾಲಿಚ್ ಪ್ರಕರಣದಲ್ಲಿ ಕೊಟ್ಟ ಅಳತೆಗೋಲು, ದಾಳಿ ಮಾಡಿದವನ ಜಾಗದಲ್ಲಿ ನಿಂತ, ಸಾಕಷ್ಟು ಮಾಹಿತಿಯುಳ್ಳ ವಿವೇಕಿ ಏನು ಊಹಿಸುತ್ತಿದ್ದ ಎಂಬುದು. ಕಮಾಂಡರ್‌ಗೆ ಆ ಕ್ಷಣ ಏನು ಗೊತ್ತಿತ್ತು ಎಂಬುದು ಅವನ ಕಡತದಲ್ಲಿದೆ, ಕಡತ ಸೇನೆಯ ಬೀಗದೊಳಗಿದೆ. ಸತ್ತವರ ಸಂಖ್ಯೆ ತೀರ್ಪಲ್ಲ, ನಿಜ. ಹಾಗೆಂದು ಅದು ಲೆಕ್ಕಕ್ಕಿಲ್ಲದ್ದೂ ಅಲ್ಲ; ತಿಂಗಳುಗಟ್ಟಲೆ ಒಂದೇ ಬಗೆಯ ದಾಳಿಯಲ್ಲಿ ಒಂದೇ ಬಗೆಯ ಸಾವು ಬರುತ್ತಿದ್ದರೆ 'ಊಹಿಸಿರಲಿಲ್ಲ' ಎಂಬ ಮಾತು ನಿಲ್ಲುವುದಿಲ್ಲ. 'ಸಂಖ್ಯೆ ನೋಡಬೇಡಿ' ಎಂದು ತುಸು ಜಾಸ್ತಿಯೇ ಜೋರಾಗಿ ಹೇಳುವ ಸೇನಾ ವಕ್ತಾರನಿಗೆ ಇದು ಗೊತ್ತಿರುತ್ತದೆ.

ಇನ್ನೊಂದು ತೊಡಕು ವಿದ್ಯುತ್ ಜಾಲದ್ದು. ಸೇನೆಗೂ ಕರೆಂಟು ಬೇಕು, ಊರಿಗೂ ಬೇಕು. ಕರೆಂಟು ಹೋದರೆ ನೀರಿನ ಪಂಪು ನಿಲ್ಲುತ್ತದೆ, ಹಿಂದೆಯೇ ಆಸ್ಪತ್ರೆ. ಈ ಸರಣಿ ಹಾನಿಯನ್ನು ಎಲ್ಲಿಯತನಕ ತಕ್ಕಡಿಗೆ ಹಾಕಬೇಕು? 2022–23ರ ಚಳಿಗಾಲದಲ್ಲಿ ಉಕ್ರೇನಿನ ವಿದ್ಯುತ್ ಸ್ಥಾವರಗಳ ಮೇಲೆ ನಡೆದ ದಾಳಿಗಳಿಗಾಗಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2024ರಲ್ಲಿ ರಷ್ಯಾದ ಮಾಜಿ ರಕ್ಷಣಾ ಸಚಿವ ಶೋಯ್ಗು, ಸೇನಾ ಮುಖ್ಯಸ್ಥ ಗೆರಾಸಿಮೊವ್ ಸೇರಿ ನಾಲ್ವರ ಮೇಲೆ ವಾರಂಟ್ ಹೊರಡಿಸಿತು. ಕೆಲವು ಸ್ಥಾವರಗಳನ್ನು ಸೈನಿಕ ಗುರಿ ಎಂದು ಒಪ್ಪಿದರೂ ನಾಗರಿಕರಿಗಾಗುವ ಹಾನಿ ಸ್ಪಷ್ಟವಾಗಿ ಅತಿಯಾಗಿತ್ತು ಎಂಬುದು ಆ ನ್ಯಾಯಾಧೀಶರ ಪ್ರಾಥಮಿಕ ನಿಲುವು.

ತಪ್ಪು ಕಲ್ಪನೆ: ಆಸ್ಪತ್ರೆಯ ಮೇಲೆ ಬಾಂಬು ಬಿದ್ದರೆ ಅದು ಯುದ್ಧಾಪರಾಧವೇ. (ಇದರ ಅವಳಿ: ಒಳಗೆ ಒಬ್ಬ ಉಗ್ರ ಇದ್ದರೆ ಆಸ್ಪತ್ರೆಯೇ ಗುರಿ.)

ವಾಸ್ತವ: ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯದ ತಪ್ಪು. ಶತ್ರುವಿಗೆ ಹಾನಿ ಮಾಡುವ ಕೃತ್ಯಕ್ಕೆ ಬಳಸಿದರೆ ಮಾತ್ರ ಆಸ್ಪತ್ರೆ ತನ್ನ ರಕ್ಷಣೆ ಕಳೆದುಕೊಳ್ಳುತ್ತದೆ, ಅದೂ ಎಚ್ಚರಿಕೆ ಕೊಟ್ಟು, ಗಡುವು ಕೊಟ್ಟು, ಅದು ಕೇಳದೆ ಹೋದ ಮೇಲೆ. ನಾಲ್ಕನೇ ಒಪ್ಪಂದದ 19ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಯಗೊಂಡ ಸೈನಿಕರು ಅಲ್ಲಿ ಮಲಗಿದ್ದಾರೆ, ಅವರ ಬಂದೂಕುಗಳು ಉಗ್ರಾಣದಲ್ಲಿವೆ ಎಂಬುದು ಹಾನಿಯ ಕೃತ್ಯವಾಗದು ಎಂದು ಬಿಡಿಸಿ ಹೇಳುತ್ತದೆ. ರಕ್ಷಣೆ ಹೋದ ಮೇಲೂ ಮೇಲಿನ ತಕ್ಕಡಿ ಇದ್ದೇ ಇದೆ, ಯಾಕೆಂದರೆ ಹಾಸಿಗೆ ಹಿಡಿದವನು ಓಡಲಾರ. ಗಾಜಾದ ಅಲ್-ಶಿಫಾ ಆಸ್ಪತ್ರೆಯ ಬಗ್ಗೆ 2023ರ ನವೆಂಬರಿನಲ್ಲಿ ಜಗತ್ತೆಲ್ಲ ವಾದಿಸಿದ್ದು ಕೆಳಗೆ ಸುರಂಗ ಇದೆಯೋ ಇಲ್ಲವೋ ಎಂದು. ಇದ್ದರೂ ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯುತ್ತಿರಲಿಲ್ಲ.

ಅಫ್ಘಾನಿಸ್ತಾನದ ಕುಂದುಜ್ ನೋಡಿ. 2015ರ ಅಕ್ಟೋಬರ್ 3, ರಾತ್ರಿ ಎರಡು ದಾಟಿದೆ. 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆಯಲ್ಲಿ ದೀಪ ಉರಿಯುತ್ತಿದೆ. ತಮ್ಮ ಕಟ್ಟಡದ ಜಿಪಿಎಸ್ ಗುರುತನ್ನು ಅವರು ನಾಲ್ಕು ದಿನದ ಹಿಂದಷ್ಟೇ ಮತ್ತೊಮ್ಮೆ ಕಳಿಸಿದ್ದಾರೆ. ಮೇಲೆ ಸುತ್ತುತ್ತಿರುವ ಅಮೆರಿಕದ ಎಸಿ-130 ವಿಮಾನ ಹುಡುಕುತ್ತಿರುವುದು ಬೇರೆ ಕಟ್ಟಡವನ್ನು, ತಾಲಿಬಾನ್ ಹಿಡಿದಿದೆ ಎನ್ನಲಾದ ಗುಪ್ತಚರ ಕಚೇರಿಯನ್ನು. ವಿಮಾನ ತರಾತುರಿಯಲ್ಲಿ ಹೊರಟಿದೆ. ದಾಳಿ ಮಾಡಬಾರದ ಜಾಗಗಳ ಪಟ್ಟಿ ಸಿಬ್ಬಂದಿಯ ಕೈಯಲ್ಲಿಲ್ಲ, ಮಾಹಿತಿ ಕಳಿಸುವ ಉಪಕರಣ ಕೆಟ್ಟಿದೆ. ಕೊಟ್ಟ ಗುರುತನ್ನು ಯಂತ್ರಕ್ಕೆ ಹಾಕಿದರೆ ಅದು ತೋರಿಸಿದ್ದು ಖಾಲಿ ಬಯಲು. ಹತ್ತಿರದಲ್ಲಿ ವರ್ಣನೆಗೆ ಹೊಂದುವ ದೊಡ್ಡ ಕಟ್ಟಡವೊಂದು ಕಂಡಿತು. 42 ಮಂದಿ ಸತ್ತರು. ಒಳಗಿನವರು ಕರೆ ಮೇಲೆ ಕರೆ ಮಾಡುತ್ತಿದ್ದರೂ ಗುಂಡು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಅಮೆರಿಕದ ತನಿಖೆ 2016ರಲ್ಲಿ 16 ಮಂದಿಯ ಮೇಲೆ ಶಿಸ್ತುಕ್ರಮವಾಯಿತು ಎಂದಿತು. ಉದ್ದೇಶಪೂರ್ವಕ ಅಲ್ಲದ ಕಾರಣ ಯುದ್ಧಾಪರಾಧವಲ್ಲ ಎಂದಿತು. ಕ್ರಿಮಿನಲ್ ಮೊಕದ್ದಮೆ ಒಂದೂ ಇಲ್ಲ. ಆದರೆ ಪರಿಣಾಮ ಏನಾದರೂ ಆಗಲಿ ಎಂಬ ಅಸಡ್ಡೆಯೂ 'ಉದ್ದೇಶಪೂರ್ವಕ'ದೊಳಗೆ ಬರುತ್ತದೆ ಎಂದು ಯುಗೊಸ್ಲಾವಿಯಾ ನ್ಯಾಯಮಂಡಳಿ ಹಿಂದೆಯೇ ಹೇಳಿತ್ತು. ತಪ್ಪಿಗೂ ಅಸಡ್ಡೆಗೂ ನಡುವಿನ ಗೆರೆಯನ್ನು ಎಳೆದದ್ದು ಯಾರು? ಗುಂಡು ಹಾರಿಸಿದವರ ಇಲಾಖೆಯೇ. ಸ್ವತಂತ್ರ ತನಿಖೆಗೆ ವೈದ್ಯರ ಸಂಸ್ಥೆ ಎಷ್ಟು ಗೋಗರೆದರೂ ಅದು ಆಗಲಿಲ್ಲ.

ತಪ್ಪು ಕಲ್ಪನೆ: ಜಾಗ ಖಾಲಿ ಮಾಡಿ ಎಂದು ಎಚ್ಚರಿಸಿದ ಮೇಲೂ ಉಳಿದವರು ನಾಗರಿಕರಲ್ಲ.

ವಾಸ್ತವ: ಎಚ್ಚರಿಕೆ ಕೊಡುವುದು ದಾಳಿಕೋರನ ಕರ್ತವ್ಯ, ಅದು ಪರವಾನಗಿ ಅಲ್ಲ. ಕಾಲು ಬಾರದ ಅಜ್ಜಿ, ಹೆರಿಗೆಯಾದ ಹೆಂಗಸು, ಬಸ್ಸು ಸಿಗದವನು, ಹೋಗಿ ಏನು ಮಾಡಲಿ ಎಂದು ಕೂತವನು, ಎಲ್ಲರೂ ಮೊದಲಿನಷ್ಟೇ ನಾಗರಿಕರು.

ತಪ್ಪು ಕಲ್ಪನೆ: ಕಂಪ್ಯೂಟರಿನಲ್ಲಿ ನಡೆಯುವುದು ಯುದ್ಧವಲ್ಲ, ಕೀಲಿಮಣೆ ಒತ್ತಿದವನಿಗೆ ಅಪಾಯವಿಲ್ಲ.

ವಾಸ್ತವ: ರಷ್ಯಾದ ಸೇನೆ ಉಕ್ರೇನಿನ ಗಡಿ ದಾಟುವ ಸುಮಾರು ಒಂದು ಗಂಟೆ ಮೊದಲು ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲಕ್ಕೆ ಕನ್ನ ಬಿತ್ತು. ಸಾವಿರಾರು ಮೋಡೆಮ್‌ಗಳು ಕೆಲಸಕ್ಕೆ ಬಾರದಾದವು. ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳನ್ನು ದೂರದಿಂದ ನಿಯಂತ್ರಿಸುವ ಸಂಪರ್ಕ ಕಡಿದುಹೋಯಿತು. ಯಂತ್ರ ಕೆಟ್ಟರೆ ಅದು ಕಾನೂನಿನ ಅರ್ಥದ ದಾಳಿ ಎಂದು ಬಹುಮಂದಿ ಒಪ್ಪುತ್ತಾರೆ. ಬರೀ ಮಾಹಿತಿ ಅಳಿಸಿದರೆ? ಪಿಂಚಣಿ ದಾಖಲೆ, ಪಹಣಿಯಂಥ ಕಂದಾಯ ದಾಖಲೆ ಮಾಯವಾದರೆ? ಸೈಬರ್ ಯುದ್ಧದ ಕಾನೂನನ್ನು ವಿವರಿಸುವ ತಾಲಿನ್ ಕೈಪಿಡಿ ಬರೆದ ತಜ್ಞರಲ್ಲಿ ಹೆಚ್ಚಿನವರ ಪ್ರಕಾರ ಮಾಹಿತಿ 'ವಸ್ತು'ವಲ್ಲ. ಇದನ್ನು ಒಪ್ಪುವುದು ನನಗೆ ಕಷ್ಟ. ಕಾಗದದ ಕಡತ ಸುಟ್ಟರೆ ನಾಗರಿಕ ಆಸ್ತಿಗೆ ಹಾನಿ, ಅದನ್ನೇ ಸರ್ವರ್‌ನಿಂದ ಅಳಿಸಿದರೆ ಏನೂ ಇಲ್ಲ ಎನ್ನುವುದು ಯಾವ ನ್ಯಾಯ?

ಇನ್ನು ಕೀಲಿಮಣೆಯವನ ಮಾತು. 2022ರಲ್ಲಿ ಉಕ್ರೇನ್ ಟೆಲಿಗ್ರಾಂನಲ್ಲಿ 'ಐಟಿ ಸೇನೆ' ಕಟ್ಟಿದಾಗ ಪರದೇಶಗಳವರೂ ಸೇರಿಕೊಂಡರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ರಾತ್ರಿ ಹೊತ್ತು ಸುಮ್ಮನೆ ಒಂದು ಕೈ ನೋಡಲಾ?" ಎಂದು ಕೇಳಿದ್ದ. ಬೇಡಪ್ಪಾ ಎಂದೆ. ಯುದ್ಧದಲ್ಲಿ ನೇರವಾಗಿ ಭಾಗವಹಿಸುವ ನಾಗರಿಕ ಅಷ್ಟು ಹೊತ್ತು ತನ್ನ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ, ಸೆರೆ ಸಿಕ್ಕರೆ ಯುದ್ಧಕೈದಿಯ ಮರ್ಯಾದೆಯೂ ಸಿಗದು. ಬರುತ್ತಿರುವ ಡ್ರೋನಿನ ದಿಕ್ಕಿಗೆ ಮೊಬೈಲ್ ಹಿಡಿದು ಗುಂಡಿ ಒತ್ತಿದರೆ ವಾಯುರಕ್ಷಣಾ ಪಡೆಗೆ ಸುದ್ದಿ ಮುಟ್ಟಿಸುವ ಆ್ಯಪ್ ಉಕ್ರೇನಿನಲ್ಲಿದೆ. ಅದನ್ನು ಒತ್ತಿದ ಅಂಗಡಿಯಾತ ಆ ಕ್ಷಣ ಏನಾದ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಆ್ಯಪ್ ಹಂಚುವ ಸರ್ಕಾರ ಈ ಗೊಂದಲವನ್ನು ಅವನಿಗೆ ಬಿಡಿಸಿ ಹೇಳಬೇಕಿತ್ತು.

ತಪ್ಪು ಕಲ್ಪನೆ: ಎಐ ಆಯುಧಗಳಿಗೆ ಕಾನೂನೇ ಇಲ್ಲ, ಯಂತ್ರ ಕೊಂದರೆ ಯಾರೂ ಹೊಣೆಯಲ್ಲ.

ವಾಸ್ತವ: ಕಾನೂನು ಯಂತ್ರದೊಡನೆ ಮಾತಾಡುವುದಿಲ್ಲ, ಅದನ್ನು ಬಿಟ್ಟವನೊಡನೆ ಮಾತಾಡುತ್ತದೆ. ನಾಗರಿಕರನ್ನೂ ಸೈನಿಕರನ್ನೂ ಬೇರ್ಪಡಿಸಲಾಗದ ಆಯುಧ ಈಗಲೇ ನಿಷಿದ್ಧ. ನಿಜವಾದ ಇಕ್ಕಟ್ಟು ಬೇರೆ: ಪರದೆ ಹೆಸರು ತೋರಿಸುತ್ತದೆ, ಮನುಷ್ಯ 'ಸರಿ' ಒತ್ತುತ್ತಾನೆ. ಇಸ್ರೇಲ್ ಸೇನೆ 'ಲ್ಯಾವೆಂಡರ್' ಎಂಬ ವ್ಯವಸ್ಥೆಯಿಂದ ಗಾಜಾದಲ್ಲಿ ಗುರಿಗಳನ್ನು ಆರಿಸುತ್ತಿತ್ತು, ಒಂದೊಂದರ ಪರಿಶೀಲನೆಗೆ ಕೆಲವೇ ಸೆಕೆಂಡು ಹಿಡಿಯುತ್ತಿತ್ತು ಎಂದು 2024ರ ಏಪ್ರಿಲಿನಲ್ಲಿ ಇಸ್ರೇಲಿನ ಪತ್ರಕರ್ತರೇ ವರದಿ ಮಾಡಿದರು. ಯಂತ್ರ ಗುರಿ ಆರಿಸುವುದಿಲ್ಲ ಎಂದು ಸೇನೆ ಅಲ್ಲಗಳೆಯಿತು. ವರದಿ ನಿಜವಾದರೆ, ಆ ಕೆಲವು ಸೆಕೆಂಡಿನಲ್ಲಿ ಒತ್ತುವವನು ಏನನ್ನು ತೂಗಿದ? ಕಡತವೂ ಇಲ್ಲದ ತಕ್ಕಡಿ ಇದು. ಇಂಥ ಆಯುಧಗಳ ಸವಾಲನ್ನು ತುರ್ತಾಗಿ ಕೈಗೆತ್ತಿಕೊಳ್ಳಬೇಕೆಂದು 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 152 ದೇಶಗಳು ಮತ ಹಾಕಿದವು. ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಇದರ ಚರ್ಚೆಗೆ ಜಿನೀವಾದ ಬೇರೆ ವೇದಿಕೆಯೇ ಸರಿ ಎಂಬುದು ನಮ್ಮ ವಾದ. ಆ ವೇದಿಕೆಯಲ್ಲಿ ಸರ್ವಾನುಮತವಿಲ್ಲದೆ ಏನೂ ಆಗುವುದಿಲ್ಲ.

ತಪ್ಪು ಕಲ್ಪನೆ: ಸಹಿ ಹಾಕದ ದೇಶಕ್ಕೆ ನಿಯಮವಿಲ್ಲ, ಸಹಿ ಹಾಕಿದ ದೇಶದಲ್ಲಿ ಯಾರು ಬೇಕಾದರೂ ಕೋರ್ಟಿಗೆ ಹೋಗಬಹುದು.

ವಾಸ್ತವ: ಭಾರತ ಜಿನೀವಾ ಒಪ್ಪಂದಗಳನ್ನು ಒಪ್ಪಿದ್ದು 1950ರಲ್ಲಿ. 1977ರ ಪ್ರೋಟೊಕಾಲ್‌ಗಳಿಗೆ ಸೇರಿಲ್ಲ. ಆದರೂ ನಾಗರಿಕರ ಮೇಲೆ ದಾಳಿ ಮಾಡಬಾರದು ಎಂಬಂಥ ಮೂಲ ನಿಯಮಗಳು ರೂಢಿಯ ಕಾನೂನಾಗಿ ಎಲ್ಲರನ್ನೂ ಕಟ್ಟುತ್ತವೆ. ಲಿಥುವೇನಿಯಾ 2025ರ ಮಾರ್ಚಿನಲ್ಲಿ ಗೊಂಚಲು ಬಾಂಬಿನ ನಿಷೇಧದಿಂದ ಹೊರಬಂತು. ರಷ್ಯಾದ ಭಯಕ್ಕೆ ಅದೂ ನೆರೆಯ ನಾಲ್ಕು ದೇಶಗಳೂ ನೆಲಬಾಂಬು ನಿಷೇಧವನ್ನೂ ಬಿಡುವ ದಾರಿ ಹಿಡಿದವು. ಹೊರಬಂದವರೂ ಊರ ನಡುವೆ ಕುರುಡಾಗಿ ಬಾಂಬು ಬಿತ್ತುವಂತಿಲ್ಲ.

ಕೋರ್ಟಿನ ಮಾತಿಗೆ ನಮ್ಮ ಪಕ್ಕದ ಗೋವಾದ ಪ್ರಕರಣವೇ ಇದೆ. 1961ರಲ್ಲಿ ಭಾರತದ ಸೇನೆ ಗೋವಾಕ್ಕೆ ಬಂದಾಗ ಅಲ್ಲಿನ ಪಾದ್ರಿ ಮೊಂತೇರೊ ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಂಡರು. ವಾಸದ ಪರವಾನಗಿ ಮುಗಿದರೂ ಹೊರಡಲಿಲ್ಲ, ವಿದೇಶೀಯರ ಕಾಯ್ದೆಯಡಿ ಶಿಕ್ಷೆಯಾಯಿತು. ಇದು ಆಕ್ರಮಿತ ನೆಲ, ನನಗೆ ಜಿನೀವಾ ರಕ್ಷಣೆ ಇದೆ ಎಂದು ಅವರು ಸುಪ್ರೀಂ ಕೋರ್ಟಿನ ತನಕ ಹೋದರು. ಕೋರ್ಟು 1969ರಲ್ಲಿ ಎರಡು ಮಾತು ಹೇಳಿತು. ಗೋವಾ ಭಾರತದಲ್ಲಿ ಸೇರಿದ ಮೇಲೆ 'ಆಕ್ರಮಿತ' ಎಂಬ ಸ್ಥಿತಿ ಮುಗಿಯಿತು. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ವ್ಯಕ್ತಿಗೆ ಕೋರ್ಟಿಗೆ ಬರುವ ಪ್ರತ್ಯೇಕ ಹಕ್ಕನ್ನೇನೂ ಕೊಡುವುದಿಲ್ಲ. ಆ ಕಾಯ್ದೆಯಡಿ ಅಪರಾಧವನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ದೂರು ಸರ್ಕಾರದಿಂದಲೇ ಬರಬೇಕು. ಇದರಿಂದ ಯಾರಿಗೆ ಅನುಕೂಲ ಎಂದು ಬೇರೆ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಹೇಗ್ ಕೋರ್ಟು ಬರೀ ಕಾಗದದ ಹುಲಿ, ಇಂಥ ಅಪರಾಧಕ್ಕೆ ಯಾರಿಗೂ ಶಿಕ್ಷೆಯಾಗಿಲ್ಲ.

ವಾಸ್ತವ: ಮೊದಲಿಗೆ, ಹೇಗ್‌ನಲ್ಲಿ ಕೋರ್ಟು ಒಂದಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯ ದೇಶ-ದೇಶಗಳ ವ್ಯಾಜ್ಯ ನೋಡುತ್ತದೆ. ಇಸ್ರೇಲ್ ವಿರುದ್ಧ ದಕ್ಷಿಣ ಆಫ್ರಿಕಾ ಹೋದದ್ದು ಅಲ್ಲಿಗೆ. ಕ್ರಿಮಿನಲ್ ನ್ಯಾಯಾಲಯ ವ್ಯಕ್ತಿಗಳನ್ನು ವಿಚಾರಿಸುತ್ತದೆ; 2023ರ ಮಾರ್ಚಿನಲ್ಲಿ ಪುಟಿನ್, 2024ರ ನವೆಂಬರಿನಲ್ಲಿ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿದ್ದು ಇದು. ಇದಕ್ಕೆ ಸ್ವಂತ ಪೊಲೀಸರಿಲ್ಲ. ಸದಸ್ಯ ದೇಶವಾದ ಮಂಗೋಲಿಯಾ 2024ರ ಸೆಪ್ಟೆಂಬರಿನಲ್ಲಿ ಪುಟಿನ್‌ಗೆ ಕೆಂಪುಹಾಸು ಹಾಸಿ ಬೀಳ್ಕೊಟ್ಟಿತು. ಮಾವನ ಸಿನಿಕತನಕ್ಕೆ ಇಷ್ಟರಮಟ್ಟಿಗೆ ಆಧಾರವಿದೆ.

ಆದರೆ ಹೇಗ್‌ನ ಹೊರಗೂ ಕೋರ್ಟುಗಳಿವೆ. ಸಿರಿಯಾದ ವಕೀಲ ಅನ್ವರ್ ಅಲ್-ಬುನ್ನಿ ದೇಶ ಬಿಟ್ಟು 2014ರಲ್ಲಿ ಬರ್ಲಿನ್‌ನ ನಿರಾಶ್ರಿತರ ವಸತಿಗೆ ಬಂದರು. ಅಲ್ಲಿ ಎದುರಾದ ಒಬ್ಬನ ಮುಖ ಎಲ್ಲೋ ನೋಡಿದ ಹಾಗಿತ್ತು. ಅವನು, ಡಮಾಸ್ಕಸ್‌ನಲ್ಲಿ ತನ್ನನ್ನು ಬಂಧಿಸಿದ್ದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್ ಎಂಬುದು ಆಮೇಲೆ ಹೊಳೆಯಿತು. ಅವನೂ ಆಶ್ರಯ ಕೇಳಿಕೊಂಡು ಬಂದಿದ್ದ. ಜರ್ಮನಿಯ ಕೊಬ್ಲೆನ್ಜ್ ಕೋರ್ಟು 2022ರ ಜನವರಿಯಲ್ಲಿ ರಸ್ಲಾನ್‌ಗೆ ಜೀವಾವಧಿ ವಿಧಿಸಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಯುದ್ಧಾಪರಾಧಕ್ಕಲ್ಲ, ಮಾನವತೆಯ ವಿರುದ್ಧದ ಅಪರಾಧಕ್ಕೆ. ಮದುವೆ ಮನೆಯಲ್ಲಿ ಈ ಕತೆ ಹೇಳಿ ಮುಗಿಸುವಷ್ಟರಲ್ಲಿ ಮಜ್ಜಿಗೆ ಬಂದಿತ್ತು. ಮಾವ ಮೊಬೈಲನ್ನು ಜೇಬಿಗಿಟ್ಟು, "ಒಂದೇ ಹಾಸ್ಟೆಲ್ಲಿಗಾ?" ಎಂದು ಕೇಳಿದರು.